ಬಿಟ್ಟ ಗರಡಿಗೆ ಮತ್ತೆ ಹೋಗಬಹುದೇ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮಕ್ಕಳಿಗೆ ಬುದ್ಧಿ ಹೇಳುವಾಗ ಬಳಸುವುದೂ ಉಂಟು. ಚಿಕ್ಕಂದಿನಲ್ಲಿ ಕಲಿಯದವನು ದೊಡ್ಡವನಾದ ಮೇಲೆ ಕಲಿಯಲಾರನೆಂಬುದು ಅದರ ತಾತ್ಪರ್ಯ. ಆದರೆ ಗಾದೆಯು ಇನ್ನೊಂದು ಪ್ರಶ್ನೆಯನ್ನು ಎತ್ತದೆಯೇ ಬಿಟ್ಟಿದೆ. ಗಿಡವಾಗಿದ್ದಾಗ ಚೆನ್ನಾಗಿ ಬಗ್ಗಿ, ಅನಂತರ ಇಪ್ಪತ್ತು ವರ್ಷಗಳ ಕಾಲ ಬಗ್ಗುವುದನ್ನೇ ಬಿಟ್ಟ ಮರದ ಗತಿಯೇನು?

ಹಳೆಯ ಮೈಸೂರು ಸೀಮೆಯಲ್ಲಿ ಈ ಪ್ರಶ್ನೆ ಬರಿಯ ಮಾತಿನದಲ್ಲ. ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದು, ಲಂಗೋಟಿ ಕಟ್ಟಿ, ಆಂಜನೇಯನಿಗೆ ಕೈಮುಗಿದು ಮಟ್ಟಿಗೆ ಇಳಿಯುತ್ತಿದ್ದ ಹುಡುಗರು ಪ್ರತಿ ಊರಿನಲ್ಲಿಯೂ ಇದ್ದರು. ಪರೀಕ್ಷೆ, ನೌಕರಿ, ಸಂಸಾರ ಎಂದು ಒಂದೊಂದೇ ಕಾರಣ ಕೂಡಿಬಂದು ಅವರಲ್ಲಿ ಬಹುಮಂದಿ ಗರಡಿಯನ್ನು ಬಿಟ್ಟರು. ಮೂವತ್ತೈದು ದಾಟಿ, ಹೊಟ್ಟೆ ಮುಂದೆ ಬಂದು, ಮಹಡಿ ಹತ್ತಿದರೆ ಏದುಸಿರು ಬರುವ ಕಾಲಕ್ಕೆ ಅವರಿಗೆ ಹಳೆಯ ಗೀಳು ಮತ್ತೆ ನೆನಪಾಗುತ್ತದೆ. ಗರಡಿಯ ತಗ್ಗು ಬಾಗಿಲಿನ ಮುಂದೆ ಒಂದು ಗಳಿಗೆ ನಿಂತು, "ಇನ್ನು ನಮ್ಮಿಂದ ಆಗುವುದಲ್ಲ, ಕಾಲ ಮೀರಿತು" ಎಂದುಕೊಂಡು ಮುಂದೆ ನಡೆಯುತ್ತಾರೆ.

ಕಾಲ ನಿಜವಾಗಿಯೂ ಮೀರಿದೆಯೇ? ಈ ಮಾತನ್ನು ಪರೀಕ್ಷಿಸಿ ನೋಡುವ ಸಾಧನಗಳು ಇಂದು ವಿಜ್ಞಾನದ ಕೈಯಲ್ಲಿ ಇವೆ. ಹನ್ನೆರಡರಿಂದ ಹದಿನೇಳನೆಯ ವಯಸ್ಸಿನವರೆಗೆ ಗರಡಿಯಲ್ಲಿ ಬೆಳೆದು, ಭೌತವಿಜ್ಞಾನದ ಪಾಠ ಹೇಳುವ ವೃತ್ತಿಗೆ ಸೇರಿ, ಮೂವತ್ತಾರನೆಯ ವಯಸ್ಸಿನಲ್ಲಿ ಅದೇ ಮಟ್ಟಿಗೆ ಮರಳಿದ ನಮಗೆ ಈ ವಿಷಯದಲ್ಲಿ ಸ್ವಂತದ ಆಸಕ್ತಿಯೂ ಉಂಟು. ಮೈಯಲ್ಲಿ ಏನು ಉಳಿದಿರುತ್ತದೆ, ಏನು ಕಳೆದುಹೋಗಿರುತ್ತದೆ, ಕಳೆದುದು ಯಾವ ಕ್ರಮದಲ್ಲಿ ಹಿಂದಿರುಗುತ್ತದೆ ಎಂಬುದನ್ನು ಇಲ್ಲಿ ಒಂದೊಂದಾಗಿ ವಿವೇಚಿಸೋಣ.

ಪಟ್ಟಿನಲ್ಲಿ ಅಡಗಿರುವ ಗಣಿತ

ಕುಸ್ತಿ ನಮ್ಮಲ್ಲಿ ಹಳೆಯ ವಿದ್ಯೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಮೈಸೂರಿನ ದಸರಾದಲ್ಲಿ ಈಗಲೂ ಕುಸ್ತಿಯ ಪಂದ್ಯಗಳು ನಡೆಯುತ್ತವೆ. ನೋಡುವವರ ಕಣ್ಣಿಗೆ ಅದು ತೋಳ್ಬಲದ ಕದನ. ಆದರೆ ಮಟ್ಟಿಯಲ್ಲಿ ಒಂದು ತಿಂಗಳು ಕಳೆದ ಹುಡುಗನಿಗೂ ಗೊತ್ತು, ತನಗಿಂತ ಹತ್ತು ಕಿಲೋಗ್ರಾಂ ಹಗುರಾದವನು ತನ್ನನ್ನು ಸಲೀಸಾಗಿ ಚಿತ್ತು ಮಾಡಬಲ್ಲನೆಂದು. ಇದು ಹೇಗೆ ಸಾಧ್ಯ?

ಒಂದು ವಸ್ತುವಿನ ತೂಕವೆಲ್ಲ ಒಂದೇ ಬಿಂದುವಿನಲ್ಲಿ ನೆಲಸಿದೆಯೆಂದು ಭಾವಿಸಬಹುದು. ಆ ಬಿಂದುವಿಗೆ ಗುರುತ್ವಕೇಂದ್ರವೆಂದು ಹೆಸರು. ೧೭೦ ಸೆಂಟಿಮೀಟರ್ ಎತ್ತರದ ಮನುಷ್ಯನು ನೆಟ್ಟಗೆ ನಿಂತಾಗ ಅದು ನೆಲದಿಂದ ಸುಮಾರು ೯೩ ಸೆಂಟಿಮೀಟರ್ ಮೇಲೆ, ಹೊಕ್ಕುಳಿಗಿಂತ ತುಸು ಕೆಳಗೆ ಇರುತ್ತದೆ. ಈ ಬಿಂದುವಿನಿಂದ ಇಳಿಬಿಟ್ಟ ತೂಗುದಾರವು ಎರಡು ಪಾದಗಳ ಹೊರ ಅಂಚುಗಳ ನಡುವೆ ಬೀಳುತ್ತಿರುವವರೆಗೂ ಮನುಷ್ಯನು ನಿಂತಿರುತ್ತಾನೆ. ಅಂಚನ್ನು ದಾಟಿದೊಡನೆ ಉರುಳುತ್ತಾನೆ.

ಪಾದಗಳ ಹೊರ ಅಂಚುಗಳ ನಡುವೆ ೩೦ ಸೆಂಟಿಮೀಟರ್ ಅಂತರವಿಟ್ಟು ನೆಟ್ಟಗೆ ನಿಂತವನನ್ನು ಪಕ್ಕಕ್ಕೆ ಸುಮಾರು ೯ ಡಿಗ್ರಿಯಷ್ಟು ಓಲಿಸಿದರೆ ಸಾಕು, ಅವನು ಬೀಳುತ್ತಾನೆ. ಅದೇ ಮನುಷ್ಯನು ಮಂಡಿ ಬಾಗಿಸಿ, ಗುರುತ್ವಕೇಂದ್ರವನ್ನು ೬೫ ಸೆಂಟಿಮೀಟರಿಗೆ ಇಳಿಸಿ, ಪಾದಗಳನ್ನು ೮೦ ಸೆಂಟಿಮೀಟರ್ ಅಗಲಕ್ಕೆ ಊರಿದನೆನ್ನಿ. ಈಗ ಅವನನ್ನು ಉರುಳಿಸಬೇಕಾದರೆ ೩೧ ಡಿಗ್ರಿಗೂ ಮಿಗಿಲಾಗಿ ಓಲಿಸಬೇಕು. ಬೇಕಾಗುವ ಶ್ರಮವನ್ನೂ ಲೆಕ್ಕ ಹಾಕಬಹುದು. ಉರುಳುವ ಮುನ್ನ ಗುರುತ್ವಕೇಂದ್ರವು ಮೇಲೇರಿ ಇಳಿಯಬೇಕಷ್ಟೆ. ಮೊದಲನೆಯ ನಿಲುವಿನಲ್ಲಿ ಅದನ್ನು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಎತ್ತಿದರೆ ಸಾಕು, ಎರಡನೆಯದರಲ್ಲಿ ಹನ್ನೊಂದು ಸೆಂಟಿಮೀಟರ್ ಎತ್ತಬೇಕು. ಮೈಯ ಬಲ ಎಳ್ಳಷ್ಟೂ ಹೆಚ್ಚದಿದ್ದರೂ ನಿಲುವೊಂದರಿಂದಲೇ ಅವನು ಒಂಬತ್ತು ಮಡಿ ಭದ್ರನಾದನು. ಉಸ್ತಾದರು ಹೊಸ ಹುಡುಗನಿಗೆ ತಿಂಗಳುಗಟ್ಟಲೆ "ಮಂಡಿ ಬಗ್ಗಿಸು, ಕಾಲು ಅಗಲಿಸು" ಎಂದು ಕೂಗುವುದರ ಅರ್ಥ ಇದೇ.

ಆದರೆ ಈ ಭದ್ರತೆಗೆ ಒಂದು ಮಿತಿಯಿದೆ. ಎರಡು ಪಾದಗಳನ್ನು ಕೂಡಿಸುವ ರೇಖೆಯ ಉದ್ದಕ್ಕೆ ಮನುಷ್ಯನು ಎಷ್ಟು ಗಟ್ಟಿಯೋ ಅದಕ್ಕೆ ಅಡ್ಡಲಾಗಿ ಅಷ್ಟೇ ದುರ್ಬಲ. ಅಲ್ಲಿ ಅವನಿಗೆ ಪಾದದ ಉದ್ದವಷ್ಟೇ ಆಧಾರ. ಎದುರಾಳಿಯು ಹೆಜ್ಜೆ ಬದಲಿಸಿದ ಕ್ಷಣದಲ್ಲಿ ಆ ಅಡ್ಡ ದಿಕ್ಕಿಗೆ ಎಳೆದು, ತನ್ನ ಸೊಂಟವನ್ನೇ ಸನ್ನೆಗೋಲಿನ ಆಸರೆಯಾಗಿ ಕೊಟ್ಟರೆ ಭಾರಿ ಆಳೂ ತಿರುಗಿ ಬೀಳುತ್ತಾನೆ. ಅಗಸನು ಬಟ್ಟೆಯನ್ನು ಹೆಗಲ ಮೇಲಿಂದ ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಎಸೆಯುವ ಪಟ್ಟಿನ ತತ್ತ್ವವೂ ಇದೇ. ಜಪಾನಿನ ಕಾನೋ ಜಿಗೊರೊ ೧೮೮೨ರಲ್ಲಿ ಸ್ಥಾಪಿಸಿದ ಜುದೋ ವಿದ್ಯೆಯಲ್ಲಿಯೂ ಎಸೆತಕ್ಕೆ ಮೊದಲಿನ ಮೆಟ್ಟಿಲು ಎದುರಾಳಿಯ ಸಮತೋಲವನ್ನು ಕೆಡಿಸುವುದೇ ಆಗಿದೆ.

ಎದುರಾಳಿಯ ಹೆಜ್ಜೆ ಅಲುಗಿದುದನ್ನು ಕಣ್ಣಿನಿಂದ ಕಂಡು ಕೈಕಾಲು ಆಡಿಸಲು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಯೋಚಿಸಿ, ಇಂಥ ಪಟ್ಟು ಹಾಕೋಣವೆಂದು ತೀರ್ಮಾನಿಸಲು ಹೊರಟರೆ ಕಾಲ ಇನ್ನೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಅವಕಾಶ ಕಳೆದಿರುತ್ತದೆ. ಆದುದರಿಂದ ಪಟ್ಟು ಮೊದಲೇ ಸಿದ್ಧವಾಗಿ ಎಲ್ಲಿಯೋ ಕಾದಿರಬೇಕು. ಎಲ್ಲಿ?

ಮಿದುಳಿನ ಎರಡು ಕಡತಗಳು

ಇದಕ್ಕೆ ಉತ್ತರ ದೊರೆತುದು ಒಬ್ಬ ರೋಗಿಯ ದೌರ್ಭಾಗ್ಯದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ತೀವ್ರವಾದ ಮೂರ್ಛೆರೋಗವಿತ್ತು. ೧೯೫೩ರಲ್ಲಿ ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಪಕ್ಕಗಳಿಂದ ಒಳಭಾಗದ ಕೆಲವು ಅಂಶಗಳನ್ನು ತೆಗೆದುಹಾಕಿದರು. ಮೂರ್ಛೆ ಬಹುಮಟ್ಟಿಗೆ ಹತೋಟಿಗೆ ಬಂದಿತು. ಆದರೆ ಅಂದಿನಿಂದ ಅವನಿಗೆ ಹೊಸ ನೆನಪು ನಿಲ್ಲುವುದೇ ತಪ್ಪಿಹೋಯಿತು. ಈಗ ತಾನೇ ಮಾತನಾಡಿಸಿ ಹೋದವರು ಮತ್ತೆ ಬಂದರೆ ಅವರು ಹೊಸಬರು!

ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಈತನಿಗೆ ಒಂದು ಪರೀಕ್ಷೆಯನ್ನು ಕೊಟ್ಟರು. ಕಾಗದದ ಮೇಲೆ ಎರಡು ಗೆರೆಗಳ ನಕ್ಷತ್ರಾಕೃತಿ. ಆ ಗೆರೆಗಳ ನಡುವೆ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆಯಬೇಕು. ಆದರೆ ತನ್ನ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡಬಹುದು. ಬಲವೆಲ್ಲ ಬುಡಮೇಲಾಗಿ ಕಾಣುವ ಈ ಕೆಲಸದಲ್ಲಿ ಮೊದಲು ಯಾರ ಕೈಯಾದರೂ ತಡವರಿಸುತ್ತದೆ. ಮೊಲೈಸನ್‌ನ ಕೈಯೂ ತಡವರಿಸಿತು. ಮೂರು ದಿನ ಅಭ್ಯಾಸ ನಡೆಯಿತು. ದಿನದಿನಕ್ಕೂ ಅವನ ತಪ್ಪುಗಳು ಕಡಮೆಯಾದುವು. ಮೂರನೆಯ ದಿನ ಗೆರೆ ನಯವಾಗಿ ಮೂಡಿತು. ಆದರೆ ಈ ಕೆಲಸವನ್ನು ತಾನು ಹಿಂದೆ ಮಾಡಿದ್ದೇನೆಂಬ ನೆನಪು ಮಾತ್ರ ಅವನಿಗೆ ಇರಲಿಲ್ಲ. ೧೯೬೨ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ, ಸಂಗತಿಗಳ ನೆನಪು ಬೇರೆ, ಕೈಚಳಕದ ನೆನಪು ಬೇರೆ, ಮಿದುಳು ಅವೆರಡನ್ನೂ ಬೇರೆ ಬೇರೆ ಕಡತಗಳಲ್ಲಿ ಇಡುತ್ತದೆ ಎಂಬುದು ಸ್ಪಷ್ಟವಾಯಿತು. ಚಲನೆಯ ಕಡತವನ್ನು ಇಡುವುದರಲ್ಲಿ ಮಿದುಳಿನ ಹಿಂಭಾಗದಲ್ಲಿರುವ ಅನುಮಸ್ತಿಷ್ಕಕ್ಕೂ, ಮಿದುಳಿನ ಬುಡದಲ್ಲಿರುವ ಕೆಲವು ನರಗಂಟುಗಳಿಗೂ ದೊಡ್ಡ ಪಾತ್ರವಿದೆ.

ಈ ಎರಡನೆಯ ಕಡತ ಎಷ್ಟು ಕಾಲ ಬಾಳುತ್ತದೆ? ಫ್ಲೈಶ್‌ಮನ್ ಮತ್ತು ಪಾರ್ಕರ್ ಎಂಬ ಅಮೆರಿಕದ ಸಂಶೋಧಕರು ೧೯೬೨ರಲ್ಲಿಯೇ ಇದನ್ನು ಅಳೆದರು. ವಿಮಾನ ನಡೆಸುವುದನ್ನು ಹೋಲುವ ಒಂದು ಯಂತ್ರದ ಮೇಲೆ, ಕೈಯಿಂದಲೂ ಕಾಲಿನಿಂದಲೂ ಗುರಿಯನ್ನು ಹಿಂಬಾಲಿಸುವ ಕೌಶಲವನ್ನು ಕೆಲವರಿಗೆ ಕಲಿಸಿದರು. ಅನಂತರ ಅವರು ಆ ಯಂತ್ರವನ್ನು ಮುಟ್ಟಲಿಲ್ಲ. ಒಂಬತ್ತು, ಹದಿನಾಲ್ಕು, ಇಪ್ಪತ್ತನಾಲ್ಕು ತಿಂಗಳುಗಳ ಬಳಿಕ ಬೇರೆ ಬೇರೆ ತಂಡಗಳನ್ನು ಕರೆದು ಪರೀಕ್ಷಿಸಿದಾಗ ಕೌಶಲ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ಎರಡು ವರ್ಷ ಬಿಟ್ಟವರಲ್ಲಿ ಕಂಡ ಅಲ್ಪ ನಷ್ಟವೂ ಸ್ವಲ್ಪ ಹೊತ್ತಿನ ಅಭ್ಯಾಸದಿಂದ ತುಂಬಿಬಂದಿತು. ಬಾಲ್ಯದಲ್ಲಿ ಬೈಸಿಕಲ್ ಕಲಿತವರು ದೀರ್ಘಕಾಲ ಬಿಟ್ಟರೂ ಮತ್ತೆ ಹತ್ತಿ ಕೂಡಬಲ್ಲರೆಂಬ ಲೋಕಾನುಭವಕ್ಕೆ ಇದು ಒಪ್ಪುತ್ತದೆ.

ಮರೆತಂತೆ ತೋರುವ ವಿದ್ಯೆಯೂ ಪೂರ್ತಿಯಾಗಿ ಅಳಿದಿರುವುದಿಲ್ಲವೆಂಬುದಕ್ಕೆ ಇನ್ನೂ ಹಳೆಯ ಸಾಕ್ಷ್ಯವೊಂದಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ನಡೆಸಿ ೧೮೮೫ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತರು. ಮರಳಿ ಕಲಿಯಲು ಹಿಡಿದ ಕಾಲ ಮೊದಲ ಬಾರಿಗಿಂತ ಕಡಮೆ. ಈ ಉಳಿತಾಯವೇ ನೆನಪಿನ ನಿಜವಾದ ಅಳತೆಯೆಂದು ಅವರು ತೋರಿಸಿಕೊಟ್ಟರು.

ಮಟ್ಟಿಗೆ ಮರಳಿದ ಮೊದಲ ವಾರದಲ್ಲಿ ನಮಗೆ ಕಂಡ ಸಂಗತಿಯೂ ಇದನ್ನೇ ಹೇಳಿತು. ಹಳೆಯ ಪಟ್ಟುಗಳಲ್ಲಿ ಕೆಲವಕ್ಕೆ ಹೆಸರೇ ನೆನಪಿಗೆ ಬರಲಿಲ್ಲ. ಆದರೆ ಎದುರಿನ ಹುಡುಗನು ಕೊರಳ ಮೇಲೆ ಕೈಯಿಟ್ಟೊಡನೆ ನಮ್ಮ ಎಡಗಾಲು ತಾನಾಗಿ ಹಿಂದಕ್ಕೆ ಸರಿದು, ಮಂಡಿ ಬಾಗಿತು. ಹೆಸರಿನ ಕಡತ ಮಾಸಿತ್ತು. ಚಲನೆಯ ಕಡತ ಮಾಸಿರಲಿಲ್ಲ.

ಕುಗ್ಗಿದ ಸ್ನಾಯು

ಚಲನೆ ನೆನಪಿದ್ದರೆ ಸಾಲದು, ಅದನ್ನು ನಡೆಸುವ ಬಲವೂ ಬೇಕಷ್ಟೆ. ಬಳಸದ ಸ್ನಾಯು ಕುಗ್ಗುತ್ತದೆಂಬುದು ಎಲ್ಲರಿಗೂ ಗೊತ್ತು. ಮುರಿದ ಕೈಗೆ ಕೆಲವು ವಾರ ಪಟ್ಟಿ ಕಟ್ಟಿ ಬಿಚ್ಚಿದವರು ಅದನ್ನು ಕಣ್ಣಾರೆ ಕಂಡಿದ್ದಾರೆ. ಇಪ್ಪತ್ತು ವರ್ಷ ದಂಡ ಬಸ್ಕಿಗಳನ್ನು ಬಿಟ್ಟವನ ಭುಜ ತೊಡೆಗಳಲ್ಲಿ ಹಿಂದಿನ ದಪ್ಪ ಉಳಿದಿರುವುದಿಲ್ಲ.

ಆದರೂ ಮರಳಿ ಬಂದವನ ಬಲ ಮೊದಲ ಕೆಲವು ವಾರಗಳಲ್ಲಿ ಆಶ್ಚರ್ಯವಾಗುವಷ್ಟು ಬೇಗ ಏರುತ್ತದೆ. ಅಳೆದು ನೋಡಿದರೆ ತೋಳಿನ ಸುತ್ತಳತೆ ಇದ್ದ ಹಾಗೆಯೇ ಇರುತ್ತದೆ! ಮೊರಿಟಾನಿ ಮತ್ತು ಡಿವ್ರೀಸ್ ಎಂಬವರು ೧೯೭೯ರಲ್ಲಿ ಇದರ ಕಾರಣವನ್ನು ವಿವರಿಸಿದರು. ಒಂದು ಸ್ನಾಯುವಿನಲ್ಲಿ ಅಸಂಖ್ಯಾತ ಎಳೆಗಳಿವೆ. ಅಭ್ಯಾಸವಿಲ್ಲದವನ ನರಗಳು ಅವುಗಳಲ್ಲಿ ಒಂದು ಭಾಗವನ್ನಷ್ಟೇ ಒಮ್ಮೆಗೆ ಕೆಲಸಕ್ಕೆ ಎಬ್ಬಿಸುತ್ತವೆ. ಸಾಮು ಮಾಡತೊಡಗಿದಾಗ ಮೊದಲು ತಿದ್ದುಕೊಳ್ಳುವುದು ನರಗಳ ಈ ಆಜ್ಞೆ. ಸ್ನಾಯು ದಪ್ಪವಾಗುವುದು ಅನಂತರದ ಮಾತು.

ದಪ್ಪವಾಗುವುದರಲ್ಲಿಯೂ ಹಳಬನಿಗೆ ಒಂದು ಅನುಕೂಲವಿರುವಂತೆ ತೋರುತ್ತದೆ. ಸ್ನಾಯುವಿನ ಪ್ರತಿಯೊಂದು ಎಳೆಯೂ ಒಂದು ಉದ್ದನೆಯ ಜೀವಕಣ. ಸಾಮಾನ್ಯ ಜೀವಕಣಕ್ಕೆ ಒಂದೇ ಕೋಶಕೇಂದ್ರವಿದ್ದರೆ ಇದಕ್ಕೆ ನೂರಾರು. ಎಳೆಯನ್ನು ಕಟ್ಟುವ ಪ್ರೋಟೀನುಗಳ ತಯಾರಿಕೆಗೆ ಈ ಕೇಂದ್ರಗಳೇ ಮೇಸ್ತ್ರಿಗಳು. ನಾರ್ವೆಯ ಕ್ರಿಸ್ಟಿಯನ್ ಗುಂಡರ್ಸನ್ ಮತ್ತು ಅವರ ಸಂಗಡಿಗರು ೨೦೧೦ರಲ್ಲಿ ಇಲಿಗಳ ಸ್ನಾಯುವಿನ ಮೇಲೆ ಭಾರ ಹೊರಿಸಿ ನೋಡಿದಾಗ, ಎಳೆ ದಪ್ಪವಾಗುವುದಕ್ಕೆ ಮುಂಚೆಯೇ ಹೊಸ ಕೋಶಕೇಂದ್ರಗಳು ಬಂದು ಸೇರಿದುದು ಕಂಡಿತು. ಬಳಿಕ ಆ ಸ್ನಾಯುವಿನ ನರವನ್ನು ಕತ್ತರಿಸಿ ಅದು ಕುಗ್ಗುವಂತೆ ಮಾಡಿದರು. ಎಳೆ ಸೊರಗಿತು, ಆದರೆ ಹೊಸದಾಗಿ ಬಂದ ಕೇಂದ್ರಗಳು ಹಾಗೆಯೇ ಉಳಿದುವು. ಕಟ್ಟಡ ಬಿದ್ದರೂ ಮೇಸ್ತ್ರಿಗಳು ಊರು ಬಿಟ್ಟಿರಲಿಲ್ಲವೆನ್ನಬಹುದು.

ಮನುಷ್ಯನಲ್ಲಿಯೂ ಹೀಗೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಿದೆ. ಆದರೆ ೨೦೧೮ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ವರದಿ ಗಮನಾರ್ಹವಾದುದು. ಎಂಟು ಮಂದಿ ಏಳು ವಾರ ಭಾರ ಎತ್ತುವ ಅಭ್ಯಾಸ ಮಾಡಿ, ಏಳು ವಾರ ಬಿಟ್ಟು, ಮತ್ತೆ ಏಳು ವಾರ ಅಭ್ಯಾಸ ಮಾಡಿದರು. ಎರಡನೆಯ ಬಾರಿ ಸ್ನಾಯು ಮೊದಲಿಗಿಂತ ಹೆಚ್ಚಾಗಿ ಬೆಳೆಯಿತು. ಮೊದಲ ಅಭ್ಯಾಸದ ಕಾಲದಲ್ಲಿ ವಂಶವಾಹಿಗಳ ಮೇಲೆ ಬಿದ್ದ ಕೆಲವು ರಾಸಾಯನಿಕ ಗುರುತುಗಳು ಬಿಟ್ಟ ಕಾಲದಲ್ಲಿಯೂ ಉಳಿದಿದ್ದುವು. ಏಳು ವಾರಕ್ಕೂ ಇಪ್ಪತ್ತು ವರ್ಷಕ್ಕೂ ಬಹಳ ದೂರವೆಂಬುದನ್ನು ಮಾತ್ರ ವಾಚಕರು ಮರೆಯಬಾರದು.

ಎದೆಗುಂಡಿಗೆಯ ಲೆಕ್ಕ

ಮಟ್ಟಿಯಲ್ಲಿ ಎರಡು ನಿಮಿಷ ಹಿಡಿದಾಡಿದ ಮೂವತ್ತೈದರ ಮನುಷ್ಯನಿಗೆ ಮೊದಲು ಕೈಕೊಡುವುದು ಉಸಿರು. ಇದು ವಯಸ್ಸಿನ ಫಲವೋ, ಕುರ್ಚಿಯ ಫಲವೋ? ಇದನ್ನು ಬಿಡಿಸಿ ತೋರಿಸಿದ ಒಂದು ಪ್ರಯೋಗ ವ್ಯಾಯಾಮಶಾಸ್ತ್ರದಲ್ಲಿ ಬಹು ಪ್ರಸಿದ್ಧವಾಗಿದೆ.

೧೯೬೬ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯ ಮೇಲೆಯೇ ಮಲಗಿಸಲಾಯಿತು. ಶ್ರಮ ಪಡುವಾಗ ದೇಹವು ನಿಮಿಷಕ್ಕೆ ಗರಿಷ್ಠವಾಗಿ ಎಷ್ಟು ಆಮ್ಲಜನಕವನ್ನು ಬಳಸಬಲ್ಲುದೆಂಬುದು ಹೃದಯ ಶ್ವಾಸಕೋಶಗಳ ಸಾಮರ್ಥ್ಯದ ಅಳತೆ. ಮೂರು ವಾರಗಳಲ್ಲಿ ಈ ಅಳತೆ ಸರಾಸರಿ ನೂರಕ್ಕೆ ೨೭ರಷ್ಟು ಇಳಿಯಿತು. ಮೂವತ್ತು ವರ್ಷಗಳ ಬಳಿಕ, ೧೯೯೬ರಲ್ಲಿ, ಐವತ್ತು ವರ್ಷ ತುಂಬಿದ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೊದಲಿನ ಮಟ್ಟಕ್ಕೆ ಹೋಲಿಸಿದರೆ ಇಳಿತ ಸುಮಾರು ನೂರಕ್ಕೆ ೧೨ ಮಾತ್ರ. ಎಂದರೆ ಮೂವತ್ತು ವರ್ಷಗಳ ಮುಪ್ಪು ಮಾಡದಷ್ಟು ಹಾನಿಯನ್ನು ಮೂರು ವಾರಗಳ ಹಾಸಿಗೆ ಮಾಡಿತ್ತು!

ಅಲ್ಲಿಗೇ ನಿಲ್ಲಿಸದೆ ಆ ಐವರಿಗೂ ಆರು ತಿಂಗಳು ಕ್ರಮವಾಗಿ ನಡಿಗೆ, ಓಟ, ಬೈಸಿಕಲ್ ಸವಾರಿಗಳ ಅಭ್ಯಾಸ ಕೊಟ್ಟರು. ಮೊದಲು ಕಡಮೆ, ವಾರದಿಂದ ವಾರಕ್ಕೆ ಹೆಚ್ಚು. ಆರು ತಿಂಗಳ ಕೊನೆಗೆ ಅವರ ಸಾಮರ್ಥ್ಯ ಇಪ್ಪತ್ತನೆಯ ವಯಸ್ಸಿನಲ್ಲಿ, ಮಲಗುವುದಕ್ಕೆ ಮುಂಚೆ, ಇದ್ದ ಮಟ್ಟವನ್ನು ಮುಟ್ಟಿತು. ಐವರ ಮೇಲಿನ ಪ್ರಯೋಗದಿಂದ ಲೋಕಕ್ಕೆಲ್ಲ ನಿಯಮ ಹೇಳಲಾಗದು. ಆದರೂ 'ಕಾಲ ಮೀರಿತು' ಎನ್ನುವವರು ತಮ್ಮ ಏದುಸಿರಿಗೆ ವಯಸ್ಸನ್ನೊಂದನ್ನೇ ದೂರುವಂತಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಿಧಾನವಾಗಿ ನಡೆಯುವ ರಜ್ಜು

ಇಷ್ಟು ಓದಿದ ವಾಚಕರು ನಾಳೆಯೇ ಲಂಗೋಟಿ ಬಿಗಿಯಲು ಹೊರಡುವುದಕ್ಕೆ ಮುಂಚೆ ಇನ್ನೊಂದು ಅಂಶವನ್ನು ನೋಡಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಗಟ್ಟಿಯಾದ ಹುರಿಗೆ ಸ್ನಾಯುರಜ್ಜುವೆಂದು ಹೆಸರು. ಹಿಮ್ಮಡಿಯ ಮೇಲೆ ಕೈಗೆ ಸಿಗುವ ಹುರಿ ಇದರ ದೊಡ್ಡ ನಿದರ್ಶನ.

ರಜ್ಜುವಿನ ಮೇಲೆ ಬೀಳುವ ಭಾರ ನಾವು ಎಣಿಸುವುದಕ್ಕಿಂತ ಬಹಳ ಹೆಚ್ಚು. ಮೊಳಕೈಯನ್ನು ಸಮಕೋನಕ್ಕೆ ಬಾಗಿಸಿ ಅಂಗೈಯಲ್ಲಿ ೫ ಕಿಲೋಗ್ರಾಂ ತೂಕ ಹಿಡಿದಿದ್ದೇವೆನ್ನಿ. ಮುಂಗೈ ಇಲ್ಲಿ ಒಂದು ಸನ್ನೆ. ಮೊಳಕೈಯ ಕೀಲು ಅದರ ಆಸರೆ. ತೂಕವಿರುವುದು ಆಸರೆಯಿಂದ ಸುಮಾರು ೩೨ ಸೆಂಟಿಮೀಟರ್ ದೂರದಲ್ಲಿ. ತೋಳಿನ ಸ್ನಾಯುವಿನ ರಜ್ಜು ಎಲುಬಿಗೆ ಅಂಟಿರುವುದು ಸುಮಾರು ೪ ಸೆಂಟಿಮೀಟರ್ ದೂರದಲ್ಲಿ. ಸನ್ನೆಯ ನಿಯಮದಂತೆ ರಜ್ಜು ಎಂಟು ಮಡಿ, ಎಂದರೆ ೪೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. ಗದೆಯನ್ನು ಬೀಸಿ ತಿರುಗಿಸುವಾಗ ಹೆಗಲಿನ ರಜ್ಜುಗಳ ಪಾಡು ಇನ್ನೂ ಕಠಿಣ. ಗದೆಯ ತಲೆ ಭುಜದಿಂದ ಎರಡು ಪಟ್ಟು ದೂರವಾದರೆ ಅದನ್ನು ಎತ್ತಿ ಹಿಡಿಯಲು ಬೇಕಾದ ತಿರುಚುಬಲ ಎರಡು ಮಡಿಯಾಗುತ್ತದೆ. ತಿರುಗುವ ಗದೆಯನ್ನು ತಡೆದು ಹಿಂದಿರುಗಿಸಬೇಕಾದ ಜಡತ್ವವೋ ನಾಲ್ಕು ಮಡಿಯಾಗುತ್ತದೆ.

ಈ ಹುರಿಯ ಸ್ವಭಾವವನ್ನು ತಿಳಿಯಲು ಅಣುಬಾಂಬು ನೆರವಾದುದು ಸೋಜಿಗದ ಸಂಗತಿ. ೧೯೫೫ರಿಂದ ೧೯೬೩ರವರೆಗೆ ಬಯಲಿನಲ್ಲಿ ನಡೆದ ಬಾಂಬು ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ವಿಕಿರಣಶೀಲವಾದ ಇಂಗಾಲ-೧೪ ಬಹಳವಾಗಿ ಏರಿ, ಪರೀಕ್ಷೆಗಳು ನಿಂತ ಮೇಲೆ ಮೆಲ್ಲಮೆಲ್ಲನೆ ಇಳಿಯಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಆಹಾರಕ್ಕೆ, ಆಹಾರದಿಂದ ನಮ್ಮ ಮೈಗೆ ಅದು ಬರುತ್ತದೆ. ಆದುದರಿಂದ ದೇಹದ ಯಾವುದೇ ಭಾಗದಲ್ಲಿರುವ ಇಂಗಾಲ-೧೪ರ ಪ್ರಮಾಣ ಆ ಭಾಗ ಕಟ್ಟಿದ ವರ್ಷದ ಮುದ್ರೆಯಂತೆ ಇರುತ್ತದೆ. ಡೆನ್ಮಾರ್ಕಿನ ವಿಜ್ಞಾನಿಗಳು ಮೃತರ ಹಿಮ್ಮಡಿರಜ್ಜುಗಳಲ್ಲಿ ಈ ಮುದ್ರೆಯನ್ನು ಓದಿ ೨೦೧೩ರಲ್ಲಿ ಪ್ರಕಟಿಸಿದರು: ರಜ್ಜುವಿನ ತಿರುಳು ಸುಮಾರು ಹದಿನೇಳನೆಯ ವಯಸ್ಸಿನೊಳಗೆ ಕಟ್ಟಿ ಮುಗಿಯುತ್ತದೆ; ಆಮೇಲೆ ಅದು ಬಹುಮಟ್ಟಿಗೆ ಹೊಸದಾಗುವುದೇ ಇಲ್ಲ. ಹತ್ತನೆಯ ತರಗತಿಯ ಹುಡುಗನ ರಜ್ಜುವನ್ನೇ ಮನುಷ್ಯನು ಕಡೆಯವರೆಗೂ ಹೊತ್ತು ನಡೆಯುತ್ತಾನೆ.

ಇಲ್ಲಿ ಗಾದೆಯ ಮಾತು ಒಂದು ಮಟ್ಟಿಗೆ ನಿಜವಾಗುತ್ತದೆ. ಎಲುಬಿನ ವಿಷಯದಲ್ಲಿಯೂ ಹೀಗೆಯೇ. ಬೇಸ್‌ಬಾಲ್ ಆಟಗಾರರ ಚೆಂಡು ಎಸೆಯುವ ತೋಳಿನ ಎಲುಬನ್ನು ಅವರದೇ ಇನ್ನೊಂದು ತೋಳಿನೊಡನೆ ಹೋಲಿಸಿ ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎಳೆಯ ವಯಸ್ಸಿನ ಆಟದಿಂದ ಎಲುಬಿಗೆ ಬಂದ ಹೆಚ್ಚಿನ ಗಾತ್ರದಲ್ಲಿ ಅರ್ಧದಷ್ಟೂ, ಹೆಚ್ಚಿನ ಬಲದಲ್ಲಿ ಮೂರನೆಯ ಒಂದು ಭಾಗವೂ ಆಟ ಬಿಟ್ಟು ದಶಕಗಳಾದರೂ ಉಳಿದಿರುತ್ತವೆ. ಬಾಲ್ಯದ ಸಾಮು ವ್ಯರ್ಥವಾಗುವುದಿಲ್ಲ.

ಆದರೆ ಅಪಾಯವೂ ಇಲ್ಲಿಯೇ ಇದೆ. ಚಲನೆಯ ನೆನಪು ದಿನಗಳಲ್ಲಿ ಎಚ್ಚರಗೊಳ್ಳುತ್ತದೆ. ಸ್ನಾಯುವಿನ ಬಲ ವಾರಗಳಲ್ಲಿ ಏರುತ್ತದೆ. ರಜ್ಜು ಹೆಚ್ಚಿನ ಭಾರಕ್ಕೆ ಒಗ್ಗಿಕೊಳ್ಳಲು ತಿಂಗಳುಗಳು ಬೇಕು. ಹೊಸಬನು ಪಟ್ಟನ್ನೇ ಅರಿಯದುದರಿಂದ ತನ್ನ ರಜ್ಜುವನ್ನು ಅಷ್ಟಾಗಿ ಜಗ್ಗಲಾರ. ಹಳಬನಿಗೋ ಹದಿನೇಳರ ಪಟ್ಟು ನೆನಪಿದೆ, ಮೂವತ್ತಾರರ ತೂಕವಿದೆ, ಹುರಿ ಮಾತ್ರ ಅಭ್ಯಾಸ ತಪ್ಪಿದೆ. ಮರಳಿ ಬಂದವರಲ್ಲಿ ಹಲವರು ಎರಡನೆಯ ತಿಂಗಳಲ್ಲಿ ಹೆಗಲು ಹಿಡಿದುಕೊಂಡು ಮನೆಗೆ ಹೋಗಿ, ವಯಸ್ಸಾಯಿತೆಂದು ಹೇಳಿ ಮತ್ತೆ ಬಾರದಿರುವುದಕ್ಕೆ ಈ ಅಂತರವೇ ಮುಖ್ಯ ಕಾರಣವೆಂದು ನಮ್ಮ ಎಣಿಕೆ.

ನಮ್ಮ ಉಸ್ತಾದರು ಇಂಗಾಲ-೧೪ರ ಹೆಸರನ್ನು ಕೇಳಿದವರಲ್ಲ. ಆದರೂ ಮೊದಲ ದಿನ ಗದೆಯ ಕಡೆಗೆ ಹೋದ ನಮ್ಮ ನೋಟವನ್ನು ಕಂಡು, "ಮೇಷ್ಟ್ರೇ, ಅದು ಎಲ್ಲಿಗೂ ಓಡಿಹೋಗೋದಿಲ್ಲ. ಮೂರು ತಿಂಗಳು ಬರೀ ಮೈ ಸಾಮು ಮಾಡಿ. ಆಮೇಲೆ ನಾನೇ ಕೈಗೆ ಕೊಡ್ತೀನಿ" ಎಂದರು. ಹಾಗೆಯೇ ನಡೆಯಿತು.

ಮಣ್ಣಿನ ಉಪಕಾರ

ಬೀಳುವುದನ್ನು ಕುರಿತೂ ಎರಡು ಮಾತು ಹೇಳಬೇಕು. ವಯಸ್ಸಾದವರಿಗೆ ಕುಸ್ತಿಯೆಂದರೆ ಮೊದಲು ಹೆದರಿಕೆ ಹುಟ್ಟುವುದು ಬೀಳುವುದರಿಂದಲೇ. ಒಂದು ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು ೪.೪ ಮೀಟರ್ ವೇಗದಲ್ಲಿರುತ್ತದೆ. ಈ ವೇಗ ಎಷ್ಟು ದೂರದಲ್ಲಿ ಕರಗುತ್ತದೆಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. ಗಟ್ಟಿ ನೆಲದ ಮೇಲೆ ಎರಡು ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಬಲ ದೇಹದ ತೂಕದ ಸುಮಾರು ಐವತ್ತು ಮಡಿ. ಸಡಿಲವಾದ ಮಣ್ಣು ಜರುಗಿ, ಮೈಯೂ ಉರುಳಿ, ಹತ್ತು ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು ಹತ್ತು ಮಡಿ. ಬೆನ್ನು, ತೋಳು, ತೊಡೆ ಒಟ್ಟಿಗೆ ನೆಲ ಮುಟ್ಟಿದರೆ ಆ ಬಲವೂ ಅಗಲವಾದ ಪ್ರದೇಶಕ್ಕೆ ಹಂಚಿಹೋಗುತ್ತದೆ. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನಗಳನ್ನು ಬೆರಸಿ ಹದಮಾಡಿ, ಅಭ್ಯಾಸಕ್ಕೆ ಮುಂಚೆ ಗುದ್ದಲಿಯಿಂದ ಅಗೆದು ಸಡಿಲಿಸುವ ಪದ್ಧತಿಯಲ್ಲಿ ಈ ಲೆಕ್ಕವೆಲ್ಲ ಅಡಗಿದೆ. ಮಟ್ಟಿ ಅಗೆಯುವುದು ಹುಡುಗರ ಪಾಲಿಗೆ ಬಂದ ಶಿಕ್ಷೆಯಲ್ಲ. ಅದು ಎಲ್ಲರ ಬೆನ್ನೆಲುಬಿನ ರಕ್ಷೆ, ಜೊತೆಗೆ ಒಳ್ಳೆಯ ಸಾಮು.

ಪಟ್ಟು ಬಿಡದ ಕ್ರಮ

ಇಷ್ಟರಿಂದ ಮರಳುವವರಿಗೆ ಒಂದು ಕ್ರಮ ತಾನಾಗಿ ಏರ್ಪಡುತ್ತದೆ. ನಲವತ್ತು ಸಮೀಪಿಸಿದವರು, ರಕ್ತದೊತ್ತಡವೋ ಮಧುಮೇಹವೋ ಎದೆನೋವೋ ಉಳ್ಳವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು. ಮೊದಲ ಮೂರು ತಿಂಗಳು ನಡಿಗೆ, ಮಟ್ಟಿ ಅಗೆತ, ಸ್ವಲ್ಪ ದಂಡ, ಸ್ವಲ್ಪ ಬಸ್ಕಿ. ಜೊತೆಗೆ ಎದುರಾಳಿಯಿಲ್ಲದೆ ಹೆಜ್ಜೆ, ನಿಲುವು, ಉರುಳುವಿಕೆಗಳ ಅಭ್ಯಾಸ. ನೆನಪಿನ ಕಡತ ತೆರೆಯಲು ಇಷ್ಟು ಸಾಕು. ಅನಂತರ ಹಗುರವಾದ ಗದೆ, ಅರ್ಧ ಬಲದ ಹಿಡಿತ. ಆರು ತಿಂಗಳಾದ ಮೇಲೆ ಪೂರ್ಣ ಕುಸ್ತಿಯ ಯೋಚನೆ. ನೋವು ಸ್ನಾಯುವಿನಲ್ಲಿದ್ದರೆ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಕೀಲಿನ ಬಳಿ ಒಂದೇ ಕಡೆ ಚುಚ್ಚಿದಂತಾಗಿ ವಾರವಾದರೂ ಹೋಗದಿದ್ದರೆ ಭಾರವನ್ನು ಇಳಿಸಬೇಕು, ವೈದ್ಯರ ಮಾತು ಕೇಳಬೇಕು.

ಹುಡುಗನಾಗಿದ್ದಾಗಿನ ಹಾಲು, ತುಪ್ಪ, ಬಾದಾಮಿಗಳ ಲೆಕ್ಕವನ್ನು ಮಾತ್ರ ಮರಳಿ ತರಬಾರದು. ೬೫ ಕಿಲೋಗ್ರಾಂ ತೂಕದವನು ತನ್ನ ದೇಹವನ್ನು ಅರ್ಧ ಮೀಟರ್ ಏರಿಸುವ ಬಸ್ಕಿಯನ್ನು ನೂರು ಸಲ ತೆಗೆದರೆ ಆಗುವ ಕೆಲಸ ಸುಮಾರು ೩೨,೦೦೦ ಜೂಲ್. ಸ್ನಾಯು ತನಗೆ ಸಿಕ್ಕ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗದಷ್ಟನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆಂದು ಹಿಡಿದರೂ ಖರ್ಚು ಮೂವತ್ತು ಕಿಲೊಕ್ಯಾಲೊರಿಯಷ್ಟೆ. ಎರಡು ಚಮಚ ಸಕ್ಕರೆ ಬೆರಸಿದ ಒಂದು ಲೋಟ ಕಾಫಿ ಅದನ್ನು ತುಂಬಿಕೊಟ್ಟುಬಿಡುತ್ತದೆ!

ಕೊನೆಯದಾಗಿ ಛಲದ ಮಾತು. ಛಲವೆಂದರೆ ಒಂದು ದಿನ ಹಲ್ಲುಕಚ್ಚಿ ಇನ್ನೂರು ದಂಡ ಹೊಡೆಯುವುದೆಂದು ತಿಳಿಯುವವರುಂಟು. ನರ, ಸ್ನಾಯು, ರಜ್ಜುಗಳಿಗೆ ಆ ಭಾಷೆ ತಿಳಿ­ಯದು. ಇಪ್ಪತ್ತು ದಂಡಗಳಿಂದ ಮೊದಲುಮಾಡಿ ವಾರಕ್ಕೆ ಎರಡೇ ಎರಡನ್ನು ಕೂಡಿಸುತ್ತ ಹೋದವನು ಐವತ್ತೆರಡು ವಾರಗಳ ಕೊನೆಗೆ ನೂರಿಪ್ಪತ್ತನಾಲ್ಕನ್ನು ಮುಟ್ಟುತ್ತಾನೆ. ಯಾವ ವಾರದಲ್ಲಿಯೂ ಅವನ ಮೈಗೆ ಹೊರೆ ಏರಿದುದೇ ತಿಳಿದಿರುವುದಿಲ್ಲ. ನಾವು ಗರಡಿಗೆ ಮರಳಿ ಈಗ ಎರಡು ವರ್ಷ ದಾಟಿದೆ. ಪರೀಕ್ಷೆಯ ದಿನಗಳಲ್ಲಿ, ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದಾಗ, ಮಳೆಗಾಲದ ಮುಂಜಾವುಗಳಲ್ಲಿ ಹೋಗದೆ ಉಳಿದುದೂ ಉಂಟು. ವಾರಕ್ಕೆ ಮೂರು ದಿನವೆಂಬ ಲೆಕ್ಕವನ್ನು ಮಾತ್ರ ಬಿಡಲಿಲ್ಲ. ಹದಿನೇಳರಲ್ಲಿ ಹಾಕುತ್ತಿದ್ದ ಪಟ್ಟುಗಳಲ್ಲಿ ಹೆಚ್ಚಿನವು ಮರಳಿವೆ. ಅಂದಿನ ವೇಗ ಮರಳಿಲ್ಲ, ಅದನ್ನು ನಿರೀಕ್ಷಿಸುವುದೂ ಸಲ್ಲದು. ಅದರ ಬದಲು, ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆಯೆಂಬುದು ಅಂಗೈಗೆ ಅಂದಿಗಿಂತ ಇಂದು ಚೆನ್ನಾಗಿ ತಿಳಿಯುತ್ತದೆ.

ಇಂದು ಅನೇಕ ಊರುಗಳಲ್ಲಿ ಗರಡಿಯ ಬಾಗಿಲು ತೆರೆಯುವವರು ಕಡಮೆಯಾಗುತ್ತಿದ್ದಾರೆ. ಉಸ್ತಾದರಿಗೆ ವಯಸ್ಸಾಗುತ್ತಿದೆ, ಅವರು ಬಲ್ಲ ಪಟ್ಟುಗಳಲ್ಲಿ ಹಲವು ಯಾವ ಪುಸ್ತಕದಲ್ಲಿಯೂ ಬರೆದಿಟ್ಟವಲ್ಲ. ಅವರ ಮೈಯಲ್ಲಿ, ಮತ್ತು ಒಂದು ಕಾಲದಲ್ಲಿ ಅವರ ಕೈಕೆಳಗೆ ಕಲಿತು ಈಗ ಕಚೇರಿ ಅಂಗಡಿಗಳಲ್ಲಿ ಕುಳಿತಿರುವವರ ಮೈಯಲ್ಲಿ ಅವು ಇವೆ. ಆ ಕಡತ ಅಷ್ಟು ಸುಲಭವಾಗಿ ಅಳಿಯುವುದಿಲ್ಲವೆಂಬುದನ್ನು ಮೇಲೆ ನೋಡಿದೆವು. ಆದರೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಅದು ಹೋಗಬೇಕಾದರೆ ಇಬ್ಬರೂ ಒಂದೇ ಮಟ್ಟಿಯಲ್ಲಿ ಎದುರುಬದುರಾಗಿ ನಿಲ್ಲಬೇಕು, ಬೇರೆ ದಾರಿಯಿಲ್ಲ. ಹಿಂದೆ ಕಲಿತವರು ಮರಳಿದರೆ ಅವರ ಮೈಗೂ ಒಳಿತು, ಹನ್ನೆರಡರ ಹುಡುಗರಿಗೆ ಹಿಡಿತ ಕೊಡಲು ಒಂದು ಜೊತೆಯೂ ಆದೀತು.